ತಂಬಿಗೆ ಕಾಗದದ ಮೇಲೆ ಕೂರುತ್ತಿಲ್ಲ: ಸ್ಟಿಲ್ ಲೈಫ್ ಕಲಿಯುವವರಿಗೆ ಸಹಾಯ ಬೇಕು

ಡೊಂಬಿವಲಿ ಹೊಸಬ:
ಎಲ್ಲರಿಗೂ ನಮಸ್ಕಾರ. ಚಿತ್ರಕಲೆಯ ಫೌಂಡೇಶನ್ ಕೋರ್ಸ್ ಈಗಷ್ಟೇ ಶುರುವಾಗಿದೆ. ವಾರಕ್ಕೆ ಎರಡು ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳನ್ನು ನೋಡಿ ಬರೆಯುವ ಚಿತ್ರ) ಮನೆಯಲ್ಲಿ ಮಾಡಿಕೊಂಡು ಹೋಗಬೇಕು. ಜೋಡಿಸಿರುವುದು ಒಂದು ಹಿತ್ತಾಳೆ ತಂಬಿಗೆ, ಒಂದು ನೇರಳೆ ಬದನೆಕಾಯಿ, ಎರಡು ಈರುಳ್ಳಿ, ಕೆಳಗೆ ಬಿಳಿ ಪಂಚೆ. ಕಾಗದ 11×15 ಇಂಚಿನ ಕಾರ್ಟ್ರಿಜ್ (ಚಿತ್ರ ಬರೆಯುವ ದಪ್ಪ ಕಾಗದ). ಪೆನ್ಸಿಲ್ ಎಚ್‌ಬಿ, 2ಬಿ, 4ಬಿ, 6ಬಿ ಇವೆ (ಬಿ ಸಂಖ್ಯೆ ಹೆಚ್ಚಿದಷ್ಟೂ ಮೆತ್ತಗೆ, ಕಪ್ಪು). ಕೋಣೆ 10×10 ಅಡಿ, ಒಂದೇ ಕಿಟಕಿ, ನೆತ್ತಿಯ ಮೇಲೆ ಟ್ಯೂಬ್‌ಲೈಟ್. ಮೇಜಿನಿಂದ ಎರಡಡಿ ದೂರ ಕೂರುತ್ತೇನೆ.

ತಂಬಿಗೆಯ ಬಾಯಿ ಒಮ್ಮೆ ಚಪ್ಪಟೆಯಾಗುತ್ತದೆ, ಒಮ್ಮೆ ತಟ್ಟೆಯ ಹಾಗೆ ಅಗಲವಾಗುತ್ತದೆ. ವಸ್ತುಗಳು ಬಟ್ಟೆಯ ಮೇಲೆ ಕೂತಂತೆ ಕಾಣುವುದಿಲ್ಲ, ಗಾಳಿಯಲ್ಲಿ ತೇಲುತ್ತವೆ. ಶೇಡಿಂಗ್ ಎಷ್ಟು ಹೊತ್ತು ಮಾಡಿದರೂ ಎಲ್ಲವೂ ಒಂದೇ ಬೂದಿ ಬಣ್ಣ. ಯಾವುದನ್ನು ಮೊದಲು ಸರಿಪಡಿಸಬೇಕು?

ಮಾಟುಂಗಾ ಮೇಷ್ಟ್ರು:
ಮೊದಲು ಕೂರುವ ಜಾಗ ಸರಿಪಡಿಸಿ. ಎರಡಡಿ ತೀರಾ ಹತ್ತಿರ. ಜೋಡಣೆಯ ಅಗಲ, ಎತ್ತರ ಎರಡರಲ್ಲಿ ಯಾವುದು ದೊಡ್ಡದೋ ಅದರ ಮೂರು ಪಟ್ಟು ದೂರ ಕೂರಬೇಕು. ನಿಮ್ಮ ನಾಲ್ಕು ವಸ್ತು ಸೇರಿ 50 ಸೆಂ.ಮೀ. ಅಗಲ ಇದ್ದರೆ 150 ಸೆಂ.ಮೀ. ದೂರ. ಹತ್ತು ಅಡಿ ಕೋಣೆಯಲ್ಲಿ ಇದು ಸಾಧ್ಯ, ಮೇಜನ್ನು ಎದುರು ಗೋಡೆಗೆ ತಳ್ಳಿ.

ದೂರ ಯಾಕೆ ಇಷ್ಟು ಮುಖ್ಯ ಎಂದು ಲೆಕ್ಕದಲ್ಲೇ ನೋಡಿ. ತಂಬಿಗೆ 14 ಸೆಂ.ಮೀ. ಎತ್ತರ ಎಂದುಕೊಳ್ಳೋಣ. ನಿಮ್ಮ ಕಣ್ಣು ಅದರ ಬಾಯಿಗಿಂತ 39 ಸೆಂ.ಮೀ. ಮೇಲಿದೆ. 150 ಸೆಂ.ಮೀ. ದೂರದಿಂದ ಬಾಯಿಯ ವೃತ್ತ ಹೆಚ್ಚುಕಡಿಮೆ 4ಕ್ಕೆ 1ರಂತೆ ಕಾಣುತ್ತದೆ. ಅಂದರೆ ಕಾಗದದಲ್ಲಿ ಬಾಯಿ 8 ಸೆಂ.ಮೀ. ಅಗಲ ಬರೆದರೆ ಅದರ ದಪ್ಪ (ಮೇಲಿನಿಂದ ಕೆಳಕ್ಕೆ) 2 ಸೆಂ.ಮೀ. ತಳ ಕಣ್ಣಿನಿಂದ ಇನ್ನೂ ಕೆಳಗಿರುವುದರಿಂದ ಅದು 3ಕ್ಕೆ 1. ತಳ 6 ಸೆಂ.ಮೀ. ಅಗಲವಾದರೆ ದಪ್ಪ 2 ಸೆಂ.ಮೀ., ಕಾಣುವುದು ಮುಂದಿನ ಅರ್ಧ ಮಾತ್ರ, ಆದ್ದರಿಂದ ತಳದ ಗೆರೆ ನಡುವೆ 1 ಸೆಂ.ಮೀ. ಕೆಳಗೆ ಬಾಗಬೇಕು. ಹೊಸಬರು ಅಲ್ಲಿ ನೇರ ಗೆರೆ ಎಳೆಯುತ್ತಾರೆ. ಮೇಜು ಸಪಾಟು, ತಂಬಿಗೆಯ ತಳವೂ ಸಪಾಟು ಎಂದು ತಲೆಗೆ ಗೊತ್ತಿರುವುದನ್ನೇ ಕೈ ಬರೆಯುತ್ತದೆ. ಹಾಗಾಗಿ ತಂಬಿಗೆ ಮೇಜಿನ ಮೇಲೆ ಕೂರುವುದಿಲ್ಲ.

ಅದೇ ತಂಬಿಗೆಯನ್ನು 60 ಸೆಂ.ಮೀ.ನಿಂದ ನೋಡಿದರೆ ಬಾಯಿಯ ದಪ್ಪ ಅಗಲದ ಅರ್ಧಕ್ಕಿಂತ ಹೆಚ್ಚು, ತಳದ್ದು ಮೂರರಲ್ಲಿ ಎರಡು ಪಾಲು! ನೀವು ಬರೆದ 'ತಟ್ಟೆ' ಸುಳ್ಳಲ್ಲ, ಅಷ್ಟು ಹತ್ತಿರದಿಂದ ಅದು ಹಾಗೇ ಕಾಣುತ್ತದೆ.

ಒಮ್ಮೆ ಹಾಗೆ, ಒಮ್ಮೆ ಹೀಗೆ ಆಗುವುದಕ್ಕೆ ಇನ್ನೊಂದು ಕಾರಣ ಬೆನ್ನು. ಅರ್ಧ ಗಂಟೆ ಕೂತ ಮೇಲೆ ಬೆನ್ನು ಬಾಗುತ್ತದೆ, ತಲೆ 10 ಸೆಂ.ಮೀ. ಕೆಳಗಿಳಿಯುತ್ತದೆ. ಆಗ ಅದೇ ಬಾಯಿ 4ಕ್ಕೆ 1 ಹೋಗಿ 5ಕ್ಕೆ 1 ಆಗುತ್ತದೆ, 2 ಸೆಂ.ಮೀ. ಇದ್ದದ್ದು ಒಂದೂವರೆ ಚಿಲ್ಲರೆ. ಎಡಗಡೆ ನೆಟ್ಟಗೆ ಕೂತು ಬರೆದದ್ದು, ಬಲಗಡೆ ಬಗ್ಗಿ ಬರೆದದ್ದು, ಎರಡೂ ಹೊಂದುವುದಿಲ್ಲ. ಸ್ಟೂಲಿನ ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಎದುರಿನ ಗೋಡೆಯ ಮೇಲೆ, ಮೇಜಿನ ಹಿಂದೆ, ನೆಟ್ಟಗೆ ಕೂತಾಗ ತಂಬಿಗೆಯ ಅಂಚಿಗೆ ತಾಗಿ ಕಾಣುವ ಹಾಗೆ ಒಂದು ಪೆನ್ಸಿಲ್ ಗುರುತು ಹಾಕಿ. ಆ ಗುರುತು ಅಂಚಿನ ಹಿಂದೆ ಅಡಗಿದರೆ ನೀವು ಬಾಗಿದ್ದೀರಿ ಎಂದರ್ಥ.

ಹುಬ್ಬಳ್ಳಿ–ಪುಣೆ:
ಮೇಷ್ಟ್ರು ಹೇಳಿದ್ದು ಖರೇ. ಅದಕ್ಕೊಂದೀಟು ಕೂಡಸ್ತೀನ್ರಿ. ಬೋರ್ಡ್ ಹೆಂಗ ಹಿಡಿತೀರಿ ಅನ್ನೂದು ಹೇಳಿಲ್ಲ ನೀವು. ಬೋರ್ಡ್ ತೊಡಿ ಮ್ಯಾಲೆ ಮಲಗಿಸಿ ಬರದ್ರ ಕಾಗದದ ಮ್ಯಾಲಿನ ಅಂಚು ಕಣ್ಣಿಂದ ದೂರ ಹೋಗ್ತದ. ಅದನ್ನ ತುಂಬ್ಕೊಳ್ಳಾಕ ಕೈ ತಾನಾ ಉದ್ದ ಎಳೀತದ. ಎದ್ದು ನಿಂತು ನೋಡಿದ್ರ ತಂಬಗಿ ಲಂಬೂ ಆಗಿರ್ತದ. ಬೋರ್ಡ್ ಕಣ್ಣಿಗೆ ಎದುರಾಗಿ ನಿಲ್ಲಬೇಕು. ಈಸಲ್ (ಬೋರ್ಡ್ ನಿಲ್ಲಿಸೂ ಚೌಕಟ್ಟು) ಇಲ್ಲಂದ್ರ ಇನ್ನೊಂದು ಕುರ್ಚಿ ಬೆನ್ನಿಗೆ ಒರಗಿಸ್ರಿ, ಸಾಕು.

ಇನ್ನ ಅಳತಿ. ಪೆನ್ಸಿಲ್ ಹಿಡಿದು ಅಳಿಯೂದು ಎಲ್ಲಾರೂ ಹೇಳ್ತಾರ, ಮೊಣಕೈ ಬಗ್ಗಿಸಬ್ಯಾಡ್ರಿ ಅನ್ನೂದು ಮರೀತಾರ. ಕೈ ಪೂರ್ತಿ ಚಾಚಬೇಕು, ಮೊಣಕೈ ಲಾಕ್, ಒಂದ ಕಣ್ಣು ಮುಚ್ಚಬೇಕು, ಪೆನ್ಸಿಲ್ ಮುಂದ್ ಹಿಂದ್ ವಾಲಬಾರದು. ಕೈ ಎರಡು ಇಂಚು ಒಳಗ ಬಂದ್ರ ಪೂರಾ ಅಳತಿ ಕೆಡ್ತದ.

ಒಂದು ಸಣ್ಣ ವಸ್ತು ಅಳತಿಗೋಲು ಮಾಡ್ಕೋರಿ. ನಿಮ್ಮ ಜೋಡಣಿಯೊಳಗ ಉಳ್ಳಾಗಡ್ಡಿ ಅದಕ್ಕ ಛಲೋ. ಉಳ್ಳಾಗಡ್ಡಿ ಅಗಲ ಎಷ್ಟು, ತಂಬಗಿ ಎತ್ತರದಾಗ ಅದು ಎಷ್ಟು ಸಲ ಕೂಡ್ತದ, ಪೂರಾ ಜೋಡಣಿ ಅಗಲದಾಗ ಎಷ್ಟು ಸಲ. ಪೆನ್ಸಿಲಿನ ಉದ್ದ ಹಂಗ ತಂದು ಕಾಗದಕ್ಕ ಹಚ್ಚಬ್ಯಾಡ್ರಿ, ಅನುಪಾತ ಅಷ್ಟ ತರ್ರಿ. ಪೂರಾ ಅಗಲ ಏಳು ಉಳ್ಳಾಗಡ್ಡಿ ಬಂದ್ರ, ಕಾಗದದ ಮ್ಯಾಲೆ 10 ಇಂಚಿನಾಗ ಏಳು ಭಾಗ ಮಾಡ್ರಿ, ಒಂದು ಭಾಗ ಹೆಚ್ಚೂಕಡಿಮಿ ಒಂದೂವರಿ ಇಂಚು. ಅಲ್ಲಿಂದ ಶುರು.

ತಂಬಗಿ ಒಂದು ಕಡೆ ವಾಲಿದ್ರ ಅದಕ್ಕ ದಾರ ಕಟ್ಟಿದ ಒಂದು ನಟ್ ಸಾಕ್ರಿ. ಕಣ್ಣ ಮುಂದ ಇಳಿಬಿಟ್ಟು ನೋಡ್ರಿ: ಬಾಯಿಯ ಎಡ ತುದಿಯಿಂದ ದಾರ ಇಳಿದ್ರ ಕೆಳಗ ಎಲ್ಲಿ ಬೀಳ್ತದ? ಉಳ್ಳಾಗಡ್ಡಿ ಮ್ಯಾಲೋ, ಬದನಿಕಾಯಿ ತೊಟ್ಟಿನ ಮ್ಯಾಲೋ? ಇಂಥಾ ನಾಕು ಲಂಬ, ನಾಕು ಅಡ್ಡ ನೋಡ್ಕೊಂಡ್ರ ಅರ್ಧಾ ತಪ್ಪು ಅಳಿಸೂ ಕೆಲಸನ ಇರೂದಿಲ್ಲ.

ಪಣಜಿ ಇದ್ದಿಲು:
ಮೂರನೆಯ ತೊಂದರೆ, ಬೂದಿ ಬಣ್ಣದ್ದು, ಪೆನ್ಸಿಲಿನದಲ್ಲ. ಟ್ಯೂಬ್‌ಲೈಟಿನದು. ನೆತ್ತಿಯ ಮೇಲಿನ ಉದ್ದ ದೀಪ ಎಲ್ಲ ಕಡೆಯಿಂದ ಬೆಳಕು ಚೆಲ್ಲುತ್ತದೆ, ಕಿಟಕಿ ಇನ್ನೊಂದು ಕಡೆಯಿಂದ. ಹೀಗಾದರೆ ಒಂದೊಂದು ವಸ್ತುವಿಗೆ ಎರಡೆರಡು ನೆರಳು, ಎರಡೂ ತೆಳು. ಇಲ್ಲದ ನೆರಳನ್ನು ಪೆನ್ಸಿಲಿನಿಂದ ತರಲು ಹೋದರೆ ಬೂದಿಯೇ ಆಗುವುದು.

ಟ್ಯೂಬ್‌ಲೈಟ್ ಆರಿಸಿ, ಪರದೆ ಎಳೆಯಿರಿ. 9 ವಾಟ್‌ನ ಒಂದು ಎಲ್‌ಇಡಿ ಬಲ್ಬನ್ನು ಎಡಗಡೆ, ಸ್ವಲ್ಪ ಮುಂದೆ, 45 ಡಿಗ್ರಿ ಓರೆಯಲ್ಲಿ ಇಡಿ. ಓರೆ ಸರಿಯಾಗಿದೆಯೇ ಎಂದು ನೋಡುವುದು ಸುಲಭ: ತಂಬಿಗೆಯ ನೆರಳು ಅದರ ಎತ್ತರದಷ್ಟೇ ಉದ್ದ ಬಿದ್ದಿರಬೇಕು. ನೆರಳು ಇನ್ನೂ ಉದ್ದವಾದರೆ ದೀಪ ಕೆಳಗಿದೆ, ಗಿಡ್ಡವಾದರೆ ಮೇಲಿದೆ. ಹಿಂದೆ ಮತ್ತು ಬಲಕ್ಕೆ ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡು ಗೋಡೆ ಬಿಟ್ಟು ಕತ್ತರಿಸಿ ನಿಲ್ಲಿಸಿದರೆ ಬೇರೆ ಬೆಳಕು ನುಗ್ಗುವುದಿಲ್ಲ.

ಆಗ ಕಾಗದ ಕತ್ತಲಲ್ಲಿ ಉಳಿಯುತ್ತದೆ. ಬೋರ್ಡಿಗೆ ಒಂದು ಸಣ್ಣ ಕ್ಲಿಪ್ ದೀಪ ಹಾಕಿ, ಅದರ ಬೆಳಕು ಜೋಡಣೆಗೆ ತಾಗದಂತೆ ರಟ್ಟಿನ ಮರೆ ಕಟ್ಟಿ.

ಮಳೆಗಾಲದಲ್ಲಿ, ಮುಂಬೈ ಆಗಲಿ ಗೋವಾ ಆಗಲಿ, ಕಿಟಕಿಯ ಬೆಳಕನ್ನು ನಂಬಬೇಡಿ. ಮೋಡ ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ನೆರಳಿನ ಅಂಚು ಕರಗುತ್ತದೆ. ಕಿಟಕಿಯ ಮೃದು ಬೆಳಕು ನಿಜಕ್ಕೂ ಸುಂದರ, ಆದರೆ ಮೊದಲ ಇಪ್ಪತ್ತು ಚಿತ್ರಗಳಿಗೆ ಅಲ್ಲ.

ಕುರ್ಲಾ ಕಾರ್ಕಳ:
ಬದನೆ ಮತ್ತು ಬಿಳಿ ಪಂಚೆ ಒಟ್ಟಿಗೆ ಇಟ್ಟದ್ದು ಒಳ್ಳೆಯದೇ ಆಯಿತು ಮಾರಾಯ್ರೆ. ಟೋನ್, ಅಂದರೆ ತಿಳಿ–ಗಾಢದ ಮಟ್ಟ, ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ ಹೊಸಬರಿಗೆ ಕಷ್ಟ ಬರುವುದೂ ಅಲ್ಲಿಯೇ.

ಮೊದಲು ಕಾಗದದ ಅಂಚಿನಲ್ಲಿ 2 ಸೆಂ.ಮೀ.ನ ಐದು ಚೌಕ ಮಾಡಿ. ಒಂದನೆಯದು ಖಾಲಿ ಕಾಗದ, ಐದನೆಯದು ನಿಮ್ಮ 6ಬಿಯಲ್ಲಿ ಆಗುವಷ್ಟು ಕಪ್ಪು. ನಡುವಿನ ಮೂರನ್ನು ಸಮವಾಗಿ ತುಂಬಿ. ಈಗ ಕಣ್ಣು ಅರ್ಧ ಮುಚ್ಚಿ ಜೋಡಣೆ ನೋಡಿ. ಪಂಚೆಯ ಬೆಳಕಿನ ಭಾಗ ಒಂದು. ಪಂಚೆಯ ನೆರಳು ಎರಡೋ ಮೂರೋ. ಬದನೆಯ ಬೆಳಕಿನ ಭಾಗವೇ ನಾಲ್ಕು! ಅದರ ನೆರಳಿನ ಮೈ ಐದು. ಅಂದರೆ ಬದನೆಗೆ ಬೆಳಕು ಬಿದ್ದ ಕಡೆಯೂ ಪಂಚೆಯ ನೆರಳಿಗಿಂತ ಕಪ್ಪು. ಹೊಸಬರು ಏನು ಮಾಡುತ್ತಾರೆ? ಬೆಳಕು ಬಿದ್ದಿದೆ ಎಂದು ಬದನೆಯ ಎಡಭಾಗ ಬಿಳಿ ಬಿಡುತ್ತಾರೆ, ನೆರಳು ಎಂದು ಪಂಚೆಯ ಮಡಿಕೆಯನ್ನು ಕಪ್ಪು ಮಾಡುತ್ತಾರೆ. ಕಡೆಗೆ ಬದನೆಯೂ ಬೂದಿ, ಪಂಚೆಯೂ ಬೂದಿ.

ಬದನೆಯ ಹೊಳಪನ್ನು ಹತ್ತಿರ ಹೋಗಿ ನೋಡಿ. ಅದು ಬಿಳಿ ಚುಕ್ಕೆ ಅಲ್ಲ. ದೀಪದ ಆಕಾರವೇ ಅಲ್ಲಿ ಬಾಗಿ ಕೂತಿದೆ, ಬದನೆ ಉದ್ದಕ್ಕೆ ಇದ್ದರೆ ಹೊಳಪೂ ಉದ್ದಕ್ಕೆ ಎಳೆದಿರುತ್ತದೆ. ಅಂಚು ಚೂಪು, ಸುತ್ತ ಒಮ್ಮೆಗೇ ಕಪ್ಪು. ಮುಂಚೆಯೇ ಅಷ್ಟು ಜಾಗ ಬಿಟ್ಟು ಸುತ್ತ ತುಂಬಬೇಕು. ಆಮೇಲೆ ರಬ್ಬರಿನಿಂದ ತೆಗೆದ ಬಿಳಿ ಎಂದಿಗೂ ಕಾಗದದ ಬಿಳಿ ಆಗುವುದಿಲ್ಲ. ತೊಟ್ಟಿನ ಹಸಿರು ಟೊಪ್ಪಿಗೆಗೆ ಹೊಳಪೇ ಇಲ್ಲ, ಅದು ಮಂಕು, ಮೂರರ ಟೋನ್. ಆ ಟೊಪ್ಪಿಗೆಯ ಚೂಪು ತುದಿಗಳು ಬದನೆಯ ಮೈಗೆ ಅಂಟಿ ಬಾಗುತ್ತವೆ, ಮತ್ತೆ ಅದರ ಅಡಿಯಲ್ಲಿ ಕೂದಲೆಳೆಯಷ್ಟು ನೆರಳು ಉಂಟು. ಆ ಗೆರೆ ಹಾಕಿದರೆ ಮಾತ್ರ ಟೊಪ್ಪಿಗೆ ಮೈಯಿಂದ ಎದ್ದು ಕಾಣುತ್ತದೆ.

ಊರಿಂದ ಯಾರಾದರೂ ಮಟ್ಟುಗುಳ್ಳ (ಉಡುಪಿ ಕಡೆಯ ಬದನೆ) ತಂದರೆ ಪಲ್ಯಕ್ಕೆ ಮುಂಚೆ ಒಮ್ಮೆ ಬರೆಯಿರಿ. ದುಂಡು ಮೈ, ಅದರ ಮೇಲಿನ ತಿಳಿ ಗೆರೆಗಳು ಉಬ್ಬಿಗೆ ತಕ್ಕ ಹಾಗೆ ಬಾಗುತ್ತವೆ. ಗೆರೆಗಳನ್ನು ಹಿಡಿದರೆ ಶೇಡಿಂಗ್ ಇಲ್ಲದೆಯೂ ದುಂಡು ಬರುತ್ತದೆ.

ಠಾಣೆ ಗೃಹಿಣಿ:
ಮೊದಲು ನೆರಳನ್ನು ಪೂರಾ ತುಂಬಬೇಕೋ, ಒಂದೊಂದು ವಸ್ತು ಮುಗಿಸಿಕೊಂಡು ಹೋಗಬೇಕೋ? ಮಗಳ ಶಾಲೆಯಲ್ಲಿ ಒಂದು ಹಾಗೆ, ಕ್ಲಾಸಿನಲ್ಲಿ ಒಂದು ಹೀಗೆ ಹೇಳುತ್ತಾರೆ. ಅವಳು ಇಂಟರ್‌ಮೀಡಿಯಟ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ, ಅಂದರೆ ಮಹಾರಾಷ್ಟ್ರ ಸರಕಾರ ಶಾಲಾ ಮಕ್ಕಳಿಗೆ ನಡೆಸುವ ಚಿತ್ರಕಲಾ ಪರೀಕ್ಷೆಗೆ, ಕೂರುತ್ತಿದ್ದಾಳೆ.

ಮಾಟುಂಗಾ ಮೇಷ್ಟ್ರು:
ಅಮ್ಮಾ, ನೆರಳು ಎಲ್ಲ ವಸ್ತುಗಳಿಗೂ ಒಟ್ಟಿಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೆರಳಲ್ಲಿ ಎರಡು ಜಾತಿ. ಒಂದು ಮೈನೆರಳು, ವಸ್ತುವಿನ ಬೆಳಕು ಕಾಣದ ಮೈ. ಇನ್ನೊಂದು ಬೀಳುನೆರಳು, ಅದು ಬಟ್ಟೆಯ ಮೇಲೋ ಪಕ್ಕದ ವಸ್ತುವಿನ ಮೇಲೋ ಚೆಲ್ಲಿದ್ದು. ಎಚ್‌ಬಿಯಿಂದ ಎರಡರ ಗಡಿಯನ್ನೂ ತೆಳುವಾಗಿ ಗುರುತಿಸಿ, ಎರಡನ್ನೂ ಸೇರಿಸಿ ಒಂದೇ ಮಟ್ಟದ ಬೂದಿ ತುಂಬಬೇಕು. ಈರುಳ್ಳಿಯ ಮೈನೆರಳು ಎಲ್ಲಿ ಮುಗಿಯಿತು, ಅದರ ಬೀಳುನೆರಳು ಎಲ್ಲಿ ಶುರುವಾಯಿತು ಎಂದು ಈ ಹಂತದಲ್ಲಿ ಗೊತ್ತಾಗಬಾರದು. ಹೀಗೆ ಮಾಡಿದ ಕೂಡಲೇ ವಸ್ತು ಬಟ್ಟೆಗೆ ಅಂಟಿಕೊಳ್ಳುತ್ತದೆ, ಡೊಂಬಿವಲಿಯವರು ಹೇಳಿದ 'ತೇಲುವುದು' ನಿಲ್ಲುತ್ತದೆ.

ಆಮೇಲೆ ಆ ಒಂದೇ ಬೂದಿಯೊಳಗೆ ವ್ಯತ್ಯಾಸ ತರುವುದು. ಬೆಳಕು–ನೆರಳಿನ ಗಡಿಗೆ ತಾಗಿದ ಪಟ್ಟಿ ಮೈನೆರಳಲ್ಲಿ ಅತಿ ಗಾಢ. ಅದರಾಚೆ, ಅಂಚಿನ ಹತ್ತಿರ, ಬಿಳಿ ಪಂಚೆಯಿಂದ ಚಿಮ್ಮಿದ ಮರುಬೆಳಕು ಸ್ವಲ್ಪ ತಿಳಿ. ಈ ಮರುಬೆಳಕು ಅದೇ ವಸ್ತುವಿನ ಬೆಳಕಿನ ಕಡೆಗಿಂತ ಯಾವತ್ತೂ ಗಾಢವಾಗಿಯೇ ಇರಬೇಕು. ಅದನ್ನು ಹೆಚ್ಚು ತಿಳಿ ಮಾಡಿದರೆ ಈರುಳ್ಳಿ ಗಾಜಿನ ಗೋಲಿಯಾಗುತ್ತದೆ. ಕಡೆಯದಾಗಿ, ವಸ್ತು ಬಟ್ಟೆಯನ್ನು ಮುಟ್ಟುವ ಜಾಗದಲ್ಲಿ, ಎಲ್ಲಿಂದಲೂ ಬೆಳಕು ನುಗ್ಗದ ಆ ಸಂದಿಯಲ್ಲಿ, ಒಂದು ಮಿಲಿಮೀಟರ್ ಅಗಲದ ಕಡುಗಪ್ಪು ಗೆರೆ. ಇದನ್ನು 6ಬಿಯ ಚೂಪು ಮೊನೆಯಿಂದ ಹಾಕಿ. ಬೀಳುನೆರಳಿನ ಅಂಚು ಅಲ್ಲಿ ಚೂಪಾಗಿದ್ದು ದೂರ ಹೋದಂತೆ ಮಸುಕಾಗಬೇಕು.

ಮಗಳಿಗೆ ಮನೆಯ ಅಭ್ಯಾಸಕ್ಕೆ ಎರಡು ಗಂಟೆಯ ಹಂಚಿಕೆ ಹೇಳುತ್ತೇನೆ, ಪರೀಕ್ಷೆಯ ಸಮಯಕ್ಕೆ ತಕ್ಕ ಹಾಗೆ ಹಿಗ್ಗಿಸಿ ಕುಗ್ಗಿಸಿಕೊಳ್ಳಲಿ. ಮೊದಲ ಹತ್ತು ನಿಮಿಷ ಬೆಂಕಿಪೆಟ್ಟಿಗೆ ಗಾತ್ರದ ಮೂರು ಚಿಕ್ಕ ನಕ್ಷೆ, ಅದರಲ್ಲಿ ಒಂದನ್ನು ಆರಿಸುವುದು. ನಲವತ್ತು ನಿಮಿಷ ಅಳತೆ ಮತ್ತು ಗೆರೆ. ಹದಿನೈದು ನಿಮಿಷ ನೆರಳಿನ ಗಡಿ ಮತ್ತು ಒಂದೇ ಮಟ್ಟದ ಬೂದಿ. ಉಳಿದದ್ದು ಟೋನ್, ಅದರಲ್ಲೂ ಕಡೆಯ ಹತ್ತು ನಿಮಿಷ ದೂರ ನಿಂತು ನೋಡಲು. ಪರೀಕ್ಷೆಯಲ್ಲಿ ಮಕ್ಕಳು ಸೋಲುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷ ಉಳಿಸಲು ಹೋಗಿ. ಜೋಡಣೆ ಕಾಗದದ ಮೂಲೆಯಲ್ಲಿ ಸಣ್ಣದಾಗಿ ಕೂರುತ್ತದೆ, ಇಲ್ಲವೇ ತಂಬಿಗೆಯ ಬಾಯಿ ಕಾಗದದ ಹೊರಗೆ ಹೋಗುತ್ತದೆ. ಜೋಡಣೆ ಕಾಗದದ ಮೂರರಲ್ಲಿ ಎರಡು ಪಾಲು ತುಂಬಬೇಕು.

ಡೊಂಬಿವಲಿ ಹೊಸಬ:
ಸರ್, 150 ಸೆಂ.ಮೀ.ಗೆ ಹೋದೆ, ಒಂದೇ ದೀಪ ಇಟ್ಟೆ. ಈಗ ಕೂರುತ್ತಿದೆ! ಆದರೆ ಬಾಯಿಯ ಎರಡು ತುದಿ ಬಾದಾಮಿಯ ಹಾಗೆ ಚೂಪಾಗುತ್ತಿವೆ. ಹಿತ್ತಾಳೆಯ ಮೇಲೆ ಏನೇನೋ ಕಾಣುತ್ತಿದೆ, ಎಲ್ಲವನ್ನೂ ಬರೆಯಬೇಕೇ? ಇನ್ನೊಂದು, ಬೆರಳಿನಿಂದ ಉಜ್ಜಿ ನಯ ಮಾಡಬಹುದೇ?

ಹುಬ್ಬಳ್ಳಿ–ಪುಣೆ:
ಬೆರಳು ಬ್ಯಾಡ್ರಿ. ಬೆರಳಿನ ಎಣ್ಣಿ ಕಾಗದಕ್ಕ ಕೂತ್ರ ಆ ಜಾಗಾದಾಗ ಗ್ರಾಫೈಟ್ ಮಚ್ಚಿ ಮಚ್ಚಿ ಆಗ್ತದ, ರಬ್ಬರಿಗೂ ಹೋಗೂದಿಲ್ಲ. ಅಷ್ಟ ಅಲ್ಲ, ಉಜ್ಜಿದ್ರ ಬೆಳಕು–ನೆರಳಿನ ಗಡಿ ಕರಗಿ ಹೋಗ್ತದ. ನಯ ಬೇಕಂದ್ರ ಪೆನ್ಸಿಲ್ ಓರೆ ಹಿಡಿದು, ಒತ್ತಲಾರದ, ಒಂದರ ಮ್ಯಾಲೊಂದು ಪದರ ಹಾಕ್ರಿ. ಮೊದಲ ಎಚ್‌ಬಿ, ಆಮ್ಯಾಲೆ 2ಬಿ, 4ಬಿ. ಪ್ರತಿ ಪದರದ ದಿಕ್ಕು ಒಂದೀಟು ಬದಲಾಗಲಿ. ಶುರುವಿನಾಗ 6ಬಿ ತಗೊಂಡು ಒತ್ತಿದ್ರ ಕಾಗದದ ಕಣ ಎಲ್ಲಾ ತುಂಬಿ ಮಿರಿಮಿರಿ ಹೊಳೀತದ, ಮ್ಯಾಲೆ ಮತ್ತೇನೂ ಹತ್ತೂದಿಲ್ಲ.

ಪಣಜಿ ಇದ್ದಿಲು:
ಪೆನ್ಸಿಲಿಗೆ ಒಪ್ಪುತ್ತೇನೆ, ಇದ್ದಿಲಿಗೆ ಅಲ್ಲ. ಇದ್ದಿಲಿನಲ್ಲಿ ದೊಡ್ಡ ಹಿನ್ನೆಲೆಯನ್ನು ಹಳೆ ಹತ್ತಿ ಬಟ್ಟೆಯಿಂದ ಒಮ್ಮೆ ಒರೆಸಿ ಶುರು ಮಾಡುವುದೇ ಕ್ರಮ, ಬೆಳಕನ್ನು ಮಿದು ರಬ್ಬರಿನಿಂದ ಎತ್ತುವುದು. ಅಲ್ಲೂ ಬೆರಳಲ್ಲ, ಬಟ್ಟೆ. ನಿಜವಾದ ಕಪ್ಪು ಬೇಕೆನ್ನುವವರು ಇದ್ದಿಲಿಗೆ ಬರಲೇಬೇಕು. ಗ್ರಾಫೈಟ್ ಎಷ್ಟು ಒತ್ತಿದರೂ ಒಂದು ಮಟ್ಟದ ಮೇಲೆ ಕಪ್ಪಾಗದೆ ಹೊಳೆಯುತ್ತದೆ ಅಷ್ಟೇ.

ಮಳೆಗಾಲದ ಒಂದು ಎಚ್ಚರಿಕೆ. ತೇವ ಕುಡಿದ ಕಾಗದ ಮೆತ್ತಗಾಗುತ್ತದೆ. ಪೆನ್ಸಿಲಿನ ಮೊನೆ ಅದರಲ್ಲಿ ಗೀರು ಮೂಡಿಸುತ್ತದೆ, ಅಳಿಸಿದರೆ ನಾರು ಎದ್ದು ಅಲ್ಲೆಲ್ಲ ಕಪ್ಪು ಚುಕ್ಕೆ ಹಿಡಿಯುತ್ತದೆ. 150 ಜಿಎಸ್‌ಎಂಗಿಂತ ತೆಳು ಕಾಗದ ಬೇಡ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ). ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ.

ಮಾಟುಂಗಾ ಮೇಷ್ಟ್ರು:
ಬಾಯಿಯ ಮಾತು. ಬಾದಾಮಿಯಾಗುವುದು ಮೇಲಿನ ಕಮಾನು, ಕೆಳಗಿನ ಕಮಾನು ಎಂದು ಎರಡು ತುಂಡಾಗಿ ಬರೆಯುವುದರಿಂದ. ವೃತ್ತ ಎಷ್ಟೇ ಚಪ್ಪಟೆಯಾಗಿ ಕಂಡರೂ ಅದಕ್ಕೆ ಮೂಲೆ ಇಲ್ಲ, ತುದಿಯಲ್ಲಿ ಅದು ಸಣ್ಣ ಬಳೆಯ ಹಾಗೆ ತಿರುಗಿಕೊಳ್ಳುತ್ತದೆ. ಕಾಗದದ ಮೇಲೆ ಕೈ ಮುಟ್ಟಿಸದೆ ಗಾಳಿಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ, ಅದೇ ಓಟದಲ್ಲಿ ಮೊನೆ ಇಳಿಸಿ. ಮಣಿಕಟ್ಟಿನಿಂದಲ್ಲ, ಭುಜದಿಂದ. ಹಿಂದಿನ ಕಾಣದ ಅರ್ಧವನ್ನೂ ಸೇರಿಸಿ ಪೂರ್ತಿ ಬರೆದು ಆಮೇಲೆ ಅಳಿಸಿ. ತಂಬಿಗೆಯ ನಡುವೆ ಒಂದು ಲಂಬ ಗೆರೆ ಇರಲಿ, ಬಾಯಿ, ಕೊರಳು, ಹೊಟ್ಟೆ, ತಳ ಎಲ್ಲದರ ಅಡ್ಡ ಗೆರೆಯೂ ಅದಕ್ಕೆ ಕಾಟಕೋನದಲ್ಲಿ (90 ಡಿಗ್ರಿ). ತಂಬಿಗೆ ಮಲಗಿಸಿಟ್ಟರೆ ನಡುಗೆರೆ ಓರೆಯಾಗುತ್ತದೆ, ಆದರೆ ಕಾಟಕೋನ ಹಾಗೇ ಉಳಿಯುತ್ತದೆ. ಬರೆದಾದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಎಡ–ಬಲ ಹೊಟ್ಟೆಯ ಹೆಚ್ಚುಕಡಿಮೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಬಾಯಿಯ ಅಂಚಿಗೂ ದಪ್ಪ ಇದೆ ಎಂಬುದನ್ನೂ ಮರೆಯಬೇಡಿ. ಒಂದು ವೃತ್ತವಲ್ಲ, ಒಳಗೊಂದು ಹೊರಗೊಂದು. ಎರಡರ ನಡುವಿನ ಅಂತರ ಎಡ–ಬಲ ತುದಿಯಲ್ಲಿ ಹೆಚ್ಚು, ಹಿಂದೆ–ಮುಂದೆ ಕಡಿಮೆ.

ಹುಬ್ಬಳ್ಳಿ–ಪುಣೆ:
ಹಿತ್ತಾಳಿ ಬಗ್ಗೆ ನಾ ಹೇಳ್ತೀನಿ. ಹೊಳಿಯೂ ಪಾತ್ರಿ ಮ್ಯಾಲೆ ಕಾಣೂದು ಪಾತ್ರಿಯ ನೆರಳಲ್ಲ, ಸುತ್ತಲಿನ ಕೋಣಿ. ದೀಪ, ಪಂಚೆ, ಪಕ್ಕದ ಬದನಿಕಾಯಿ, ನೀವು ಕೂತಿದ್ದು, ಎಲ್ಲಾ ಅದರ ಹೊಟ್ಟಿಯೊಳಗ ಬಾಗಿ ಬಾಗಿ ಕೂತಿರ್ತಾವ. ನಡುವ ಅಗಲ, ಅಂಚಿಗೆ ಬಂದಂಗ ಒತ್ತಿ ಒತ್ತಿ ಸಣ್ಣ ಪಟ್ಟಿ. ಎಲ್ಲಾ ಬರಿಯೂದು ಬ್ಯಾಡ್ರಿ. ಕಣ್ಣು ಅರ್ಧ ಮುಚ್ಚಿದಾಗ ಉಳಿಯೂ ನಾಕೈದು ಆಕಾರ ಅಷ್ಟ ಹಿಡೀರಿ: ಕೆಳಗಿನ ಪಂಚೆ ಬಿಳಿ, ಬದನಿ ಕಪ್ಪು, ದೀಪದ ಹೊಳಪು, ಕೋಣಿ ಕತ್ತಲ. ಅವುಗಳ ಅಂಚು ಚೂಪಾಗಿರಲಿ. ಮಣ್ಣಿನ ಗಡಿಗಿಯ ಮ್ಯಾಲೆ ಟೋನ್ ನಿಧಾನ ಬದಲಾಗ್ತದ, ಲೋಹದ ಮ್ಯಾಲೆ ಒಮ್ಮಿಲೆ ಜಿಗೀತದ. ಜಿಗಿತ ಹಿಡದ್ರ ಹಿತ್ತಾಳಿ, ಮೆತ್ತಗ ಮಾಡಿದ್ರ ಪ್ಲಾಸ್ಟಿಕ್.

ತೀರಾ ತೊಡಕಾದ್ರ ತಂಬಗಿಗೆ ಚಾಕ್‌ಪೀಸ್ ಪುಡಿ ತೆಳ್ಳಗ ಬಳೀರಿ, ಹೊಳಪು ಹೋಗಿ ಮೈ ಆಕಾರ ಅಷ್ಟ ಉಳೀತದ. ಮೊದಲ ನಾಕು ಚಿತ್ರ ಹಂಗ ಮಾಡಿ, ಆಮ್ಯಾಲೆ ತೊಳದು ಹೊಳಪಿನ ಸಂಗಾಟ ಬರೀರಿ.

ಪುಣೆಯವರು ಇದ್ರ ಕಸಬಾ ಪೇಟ್‌ನ ತಾಂಬಟ್ ಆಳಿಗೆ (ತಾಮ್ರದ ಕೆಲಸದವರ ಓಣಿ) ಹೋಗಿ ಬಡಿದು ಮಾಡಿದ ತಾಮ್ರದ ಪಾತ್ರಿ ನೋಡ್ರಿ. ಸುತ್ತಿಗಿ ಏಟಿನ ಒಂದೊಂದು ಗುಳಿಗೂ ಒಂದೊಂದು ಬೆಳಕು. ಎಲ್ಲಾ ಗುಳಿ ಬರದ್ರ ಪಾತ್ರಿ ಸಿಡುಬು ಬಂದಂಗ ಕಾಣ್ತದ. ಬೆಳಕು–ನೆರಳಿನ ಗಡಿ ಮ್ಯಾಲೆ ಎಂಟ್ಹತ್ತು ಗುಳಿ ಸ್ಪಷ್ಟ ಬರದು ಉಳಿದದ್ದು ಬಿಟ್ಟುಬಿಡ್ರಿ. ರಾಜಾ ದಿನಕರ ಕೇಳ್ಕರ್ ಮ್ಯೂಸಿಯಮ್ಮಿನ್ಯಾಗ ಹಳೆ ದೀಪ, ಅಡಕೊತ್ತು, ಪಾತ್ರಿ ರಾಶಿ ಅದಾವ. ಆಕಾರ ಕಲಿಯಾಕ ಅಂಥಾ ಜಾಗಾ ಮತ್ತೊಂದಿಲ್ಲ.

ಕುರ್ಲಾ ಕಾರ್ಕಳ:
ಮುಂಬೈಯವರು ಮಣ್ಣಿನ ಪಾತ್ರೆಗೆ ಧಾರಾವಿಯ ಕುಂಭಾರವಾಡಕ್ಕೆ ಹೋಗಿ. ಹೊಳಪು ಹಚ್ಚದ ಮಡಕೆ, ಕುಡಿಕೆ, ಹಣತೆ ಮೂರೇ ಸಾಕು ಮೊದಲ ತಿಂಗಳಿಗೆ. ಬುಟ್ಟಿ, ಹಣ್ಣಿಗೆ ಕ್ರಾಫರ್ಡ್ ಮಾರ್ಕೆಟ್. ಜೆ.ಜೆ. ಸ್ಕೂಲ್, ಮುಂಬೈಯ ಕಲಾಶಾಲೆ, ಅದರ ಹತ್ತಿರವೇ ಉಂಟು. ಮಾರ್ಕೆಟಿನ ಬಾಗಿಲ ಮೇಲಿನ ಉಬ್ಬುಶಿಲ್ಪ ಆ ಶಾಲೆಯಲ್ಲಿ ಕಲಿಸುತ್ತಿದ್ದ ಲಾಕ್‌ವುಡ್ ಕಿಪ್ಲಿಂಗ್ ಅವರ ವಿನ್ಯಾಸ. ನಿಂತು ನೋಡಿ, ಒಂದೆರಡು ಇಂಚಿನ ಉಬ್ಬಿಗೆ ಎಷ್ಟು ನೆರಳು ಬೀಳುತ್ತದೆ ಅಂತ.

ಗೆರೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಬಂದು ಜೆ.ಜೆ.ಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರ ಸಿಕ್ಕಿದರೆ ನೋಡಿ. ಒಂದೇ ಗೆರೆ ದಪ್ಪವಾಗಿ, ಸಪೂರವಾಗಿ, ಕೆಲವು ಕಡೆ ಮಾಯವಾಗಿ ಮೈ ತೋರಿಸುತ್ತದೆ. ಸ್ಟಿಲ್ ಲೈಫಿಗೂ ಅದೇ ಬೇಕು. ಈರುಳ್ಳಿ ಸುತ್ತ ತಂತಿ ಕಟ್ಟಿದ ಹಾಗೆ ಒಂದೇ ದಪ್ಪದ ಗೆರೆ ಹಾಕಬೇಡಿ. ಬೆಳಕು ಬಿದ್ದ ಮೇಲಂಚಿನಲ್ಲಿ ಗೆರೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳು, ಬಟ್ಟೆಗೆ ತಾಗುವಲ್ಲಿ ಗಟ್ಟಿ.

ಠಾಣೆ ಗೃಹಿಣಿ:
ಪಂಚೆಯ ಮಡಿಕೆ ಮಾತ್ರ ಮಗಳಿಗೆ ಹಾವುಗಳ ಹಾಗೆ ಆಗುತ್ತಿದೆ. ಮತ್ತೆ, ಫೋಟೋ ತೆಗೆದು ಅದನ್ನು ನೋಡಿ ಬರೆದರೆ ಆಗುವುದಿಲ್ಲವೇ? ಹಣ್ಣು ಎರಡೇ ದಿನಕ್ಕೆ ಕಪ್ಪಾಗುತ್ತದೆ.

ಪಣಜಿ ಇದ್ದಿಲು:
ಅಕ್ಕಾ, ಮಡಿಕೆಗೆ ಒಂದು ಹುಟ್ಟುವ ಜಾಗ ಇರುತ್ತದೆ. ಬಟ್ಟೆಯನ್ನು ಎಲ್ಲಿ ಏನು ಹಿಡಿದಿದೆ ಎಂದು ಮೊದಲು ಹುಡುಕಬೇಕು: ತಂಬಿಗೆಯ ಭಾರ, ಮೇಜಿನ ಮೂಲೆ, ಗೋಡೆಯ ಮೊಳೆ. ಎಲ್ಲ ಮಡಿಕೆಯೂ ಅಲ್ಲಿಂದ ಹೊರಟು ಅಗಲವಾಗುತ್ತಾ ಸಾಯುತ್ತದೆ. ಮೊಳೆಯಿಂದ ಹೊರಟದ್ದು ಸಾಲು ಸಾಲಾಗಿ ಸಮಾಂತರ ಓಡಿದರೆ ಹಾವು. ಒಂದು ಮಡಿಕೆಗೆ ಮೇಲು, ಎರಡು ಬದಿ, ತಗ್ಗು ಎಂದು ನಾಲ್ಕು ಮುಖ; ಬೆಳಕಿನ ಬದಿ ಒಂದು ಟೋನ್, ಆಚೆ ಬದಿ ಇನ್ನೊಂದು. ಇಸ್ತ್ರಿ ಮಾಡಿದ ಬಟ್ಟೆ ಬೇಡ, ಅದರ ಗೀರುಗಳು ಗೊಂದಲ ಮಾಡುತ್ತವೆ. ಒದ್ದೆ ಮಾಡಿ ಹಿಂಡಿ ಒಣಗಿಸಿದ ದಪ್ಪ ಬಟ್ಟೆಯಲ್ಲಿ ಮಡಿಕೆ ಕಡಿಮೆ, ಸ್ಪಷ್ಟ. ಮೊದಲು ಮೂರು ದೊಡ್ಡ ಮಡಿಕೆ ಮಾತ್ರ.

ಫೋಟೋ ನೋಡಿ ಬರೆಯುವುದು ಈಗ ಬೇಡ. ಮೊಬೈಲನ್ನು ಹತ್ತಿರ ಹಿಡಿದು ತೆಗೆದರೆ ಮುಂದಿನ ಈರುಳ್ಳಿ ಉಬ್ಬಿ, ಹಿಂದಿನ ತಂಬಿಗೆ ಕುಗ್ಗುತ್ತದೆ. ನೆರಳೊಳಗಿನ ಮರುಬೆಳಕು ಹೋಗಿ ಪೂರಾ ಕಪ್ಪಾಗುತ್ತದೆ. ಆದರೆ ಒಂದು ಉಪಯೋಗ ಇದೆ: ಚಿತ್ರ ಮುಗಿದ ಮೇಲೆ ಜೋಡಣೆ ಮತ್ತು ಚಿತ್ರ ಎರಡನ್ನೂ ಕಪ್ಪು–ಬಿಳುಪಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ ಟೋನ್ ತಪ್ಪು ಕಾಣುತ್ತದೆ.

ಕೊಳೆಯುವುದಕ್ಕೆ ಉಪಾಯ: ಬಾಳೆಹಣ್ಣು, ದಾಸವಾಳ ಇದ್ದರೆ ಅವನ್ನು ಮೊದಲ ದಿನವೇ ಟೋನ್ ಸಹಿತ ಮುಗಿಸಿ, ತಂಬಿಗೆಯನ್ನು ಕಡೆಗೆ ಇಟ್ಟುಕೊಳ್ಳಿ. ಇಲ್ಲವೇ ಒಂದು ವಾರ ಕೆಡದ ವಸ್ತು ಆರಿಸಿ: ಈರುಳ್ಳಿ, ಆಲೂಗಡ್ಡೆ, ಸುಲಿಯದ ತೆಂಗಿನಕಾಯಿ.

ಡೊಂಬಿವಲಿ ಹೊಸಬ:
ಎರಡನೆಯ ಚಿತ್ರ ಮುಗಿಯಿತು. ಈಗ ತಂಬಿಗೆಯೂ ಬದನೆಯೂ ಕೂತಿವೆ, ಆದರೆ ಎರಡೂ ಒಂದಕ್ಕೊಂದು ಅಂಟಿದಂತಿವೆ, ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗುವುದಿಲ್ಲ. ಮುಂದಿನ ವಾರಕ್ಕೆ ಹೊಸ ಜೋಡಣೆ ಮಾಡಲೇ?

ಮಾಟುಂಗಾ ಮೇಷ್ಟ್ರು:
ಬದನೆಯ ಅಂಚು ತಂಬಿಗೆಯ ಅಂಚಿಗೆ ಬರೀ ತಾಗಿ ನಿಂತಿರಬೇಕು, ಅದರಿಂದ ಹಾಗಾಗುತ್ತಿದೆ. ಒಂದೋ ಬದನೆ ತಂಬಿಗೆಯ ಕಾಲು ಭಾಗವನ್ನು ಮರೆ ಮಾಡಲಿ, ಇಲ್ಲವೇ ನಡುವೆ ಒಂದು ಈರುಳ್ಳಿಯಷ್ಟು ಜಾಗ ಇರಲಿ. ತಾಗಿಯೂ ತಾಗದ ಹಾಗೆ ಇಟ್ಟರೆ ಆಳ ಸತ್ತುಹೋಗುತ್ತದೆ. ಮೇಜಿನ ಹಿಂದಿನ ಅಂಚು ತಂಬಿಗೆಯ ಬಾಯಿಯ ಗೆರೆಗೆ ಸೇರಿಕೊಂಡಿದ್ದರೂ ಇದೇ ತೊಂದರೆ, ಅದನ್ನೂ ನೋಡಿಕೊಳ್ಳಿ. ಬದನೆ ಉರುಳಿದರೆ ಅಡಿಗೆ ಒಂದು ನಾಣ್ಯ ಕೊಡಿ.

ಹೊಸ ಜೋಡಣೆ ಬೇಡ. ಇದನ್ನೇ ಹಾಗೇ ಬಿಟ್ಟು, ಸ್ಟೂಲನ್ನು ಜೋಡಣೆಯ ಸುತ್ತ ಬಲಗಡೆಗೆ ಕಾಲು ಸುತ್ತು ಸರಿಸಿ ಕೂತು ಇನ್ನೊಮ್ಮೆ ಬರೆಯಿರಿ. ಎಡದ ದೀಪ ಈಗ ತಂಬಿಗೆಯ ಹಿಂದೆ ಬರುತ್ತದೆ, ನೆರಳೆಲ್ಲ ನಿಮ್ಮ ಕಡೆಗೆ ಚಾಚುತ್ತದೆ. ರಟ್ಟಿನ ಬಲಗೋಡೆ ತೆಗೆಯಬೇಕಾಗುತ್ತದೆ. ಹಳೆ ಟೇಪ್ ಕೀಳಬೇಡಿ, ಹೊಸ ಜಾಗಕ್ಕೆ ಬೇರೆ ಬಣ್ಣದ್ದು ಅಂಟಿಸಿ. ಬದನೆ ಅಷ್ಟರೊಳಗೆ ಸುಕ್ಕುಗಟ್ಟಿದರೆ ಅದೇ ಉದ್ದದ್ದು ಇನ್ನೊಂದು ತನ್ನಿ.